ಚಿಗರೆಗಳ ಆರು ಪಂದ್ಯಗಳು

ಸಾಲುಸಾಲಾಗಿ ಕುರ್ಚಿ ಹಾಕಿದ ಯಾವ ಜಾಗಕ್ಕೆ ಹೋದರೂ ನನ್ನ ಕಾಲುಗಳು ನನ್ನನ್ನು ಕೇಳದೆಯೇ ಕೊನೆಯ ಸಾಲಿನ ಅಂಚಿನ ಕುರ್ಚಿಯತ್ತ ನಡೆಯುತ್ತವೆ. ಇಗರ್ಜಿಯಲ್ಲಿ ಕಡೆಯ ಬೆಂಚು, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು, ಮದುವೆ ಹಾಲಿನಲ್ಲಿ ಕೈತೊಳೆಯುವ ಬೇಸಿನ್ನಿಗೆ ತೀರ ಹತ್ತಿರದ ಮೇಜು. ಇದನ್ನು ವಿನಯವೆಂದು ತಿಳಿದು ನನ್ನನ್ನು ಗೌರವಿಸುವ ಕೆಲವರಿದ್ದಾರೆ; ನಾನೂ ಅವರ ತಿಳಿವಳಿಕೆಯನ್ನು ತಿದ್ದಲು ಹೋಗಿಲ್ಲ. ನಿಮ್ಮ ಹತ್ತಿರ ಹೇಳುವುದಾದರೆ, ಅದು ವಿನಯವಲ್ಲ, ಹೆದರಿಕೆ. ಏನಾದರೂ ಆದರೆ ಮೊದಲು ಹೊರಗೆ ಹೋಗಬಹುದೆಂಬ ಮುಂದಾಲೋಚನೆ. ಏನಾಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಅಂಥ ಬಾಗಿಲಿನಿಂದ ಓಡುವ ಪ್ರಸಂಗ ಬರಲಿಲ್ಲ. ಕೊನೆಗೊಮ್ಮೆ ಆಸ್ಪತ್ರೆಯ ಕೋಣೆಯೊಂದರಲ್ಲಿ ಆಗಬಾರದ್ದು ಆದಾಗ ಬಾಗಿಲ ಪಕ್ಕದ ಕುರ್ಚಿ ಯಾವ ಉಪಕಾರಕ್ಕೂ ಬರಲಿಲ್ಲ.

ಹಾಗಾಗಿ ಕಳೆದ ಅಕ್ಟೋಬರಿನ ಒಂದು ಶನಿವಾರ, ಸಂಜೆ ನಾಲ್ಕರ ಬಿಸಿಲಿನಲ್ಲಿ, ದುಬೈಯ ಒಂದು ಮೈದಾನದ ಗ್ಯಾಲರಿಯ ತುತ್ತತುದಿಯ ಮೆಟ್ಟಿಲಿನಲ್ಲಿ, ಸುಡುತ್ತಿದ್ದ ಕಬ್ಬಿಣದ ಹಲಗೆಯ ಮೇಲೆ ಕರವಸ್ತ್ರ ಹಾಸಿಕೊಂಡು ನಾನು ಕುಳಿತದ್ದರಲ್ಲಿ ಆಶ್ಚರ್ಯವೇನಿಲ್ಲ. ಕೆಳಗೆ ನನ್ನ ಮಗ ಗ್ಲೆನ್ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಆಡುತ್ತಿದ್ದ ಎನ್ನುವುದು ಅವನ ಮಾತು. ನನ್ನ ಕಣ್ಣಿಗೆ ಅವನು ಇನ್ನು ಇಪ್ಪತ್ತೊಂದು ಮಂದಿಯ ಜೊತೆ ಸರದಿಯಂತೆ ಡಿಕ್ಕಿ ಹೊಡೆಯುತ್ತಿದ್ದ.

ಅವನು ಓದುವುದು ಅಬುಧಾಬಿಯಲ್ಲಿರುವ, ಅಮೆರಿಕದ ಪದ್ಧತಿಯ ಒಂದು ಸಣ್ಣ ಕಾಲೇಜಿನಲ್ಲಿ. ಆ ಪದ್ಧತಿಯಲ್ಲಿ ಪುಸ್ತಕ, ಪರೀಕ್ಷೆಗಳ ಜೊತೆ ಈ ಆಟವೂ ಬರುತ್ತದೆಂದು ಸೇರಿಸುವಾಗ ನಮಗೆ ಯಾರೂ ಹೇಳಿರಲಿಲ್ಲ. ತಂಡದ ಹೆಸರು ಗಝೆಲ್ಸ್, ಅಂದರೆ ಚಿಗರೆಗಳು. ಹುಲಿ, ಸಿಂಹ, ಗಿಡುಗಗಳನ್ನೆಲ್ಲ ಬೇರೆ ಕಾಲೇಜಿನವರು ಮೊದಲೇ ತೆಗೆದುಕೊಂಡಿದ್ದರಂತೆ; ನಮ್ಮವರಿಗೆ ಉಳಿದದ್ದು ಅಪಾಯದ ವಾಸನೆ ಬಂದ ಕೂಡಲೇ ಓಡಿಹೋಗುವ ಪ್ರಾಣಿ. ಹುಡುಗರಿಗೆ ಆ ಹೆಸರಿನ ಬಗ್ಗೆ ನಾಚಿಕೆ. ಅದನ್ನು ಮನಃಪೂರ್ವಕ ಒಪ್ಪಿಕೊಂಡವನು ನಾನೊಬ್ಬನೇ ಇರಬೇಕು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ಸೆಕೆ ಇಳಿದ ತಿಂಗಳುಗಳಲ್ಲಿ, ಅವರಿಗೆ ಆರು ಪಂದ್ಯಗಳು. ಆರರಲ್ಲಿ ಮೂರು ಗೆದ್ದರೆ ಸೆಮಿಫೈನಲ್.

ಅದಕ್ಕೆ ಹಿಂದಿನ ವರ್ಷ ಪಂದ್ಯಗಳಿಗೆ ಹೋಗುತ್ತಿದ್ದವಳು ನನ್ನ ಹೆಂಡತಿ ಹಿಲ್ಡಾ. ಅವಳು ನರ್ಸ್. ಮುರಿದ ಮೂಳೆ, ಹರಿದ ಚರ್ಮ, ಒಸರುವ ರಕ್ತ ಇವೆಲ್ಲ ಅವಳಿಗೆ ನಮಗೆ ತರಕಾರಿ ಇದ್ದ ಹಾಗೆ. ನಾನೂ ಇಪ್ಪತ್ತೆರಡು ವರ್ಷಗಳಿಂದ ಆಸ್ಪತ್ರೆಯಲ್ಲೇ ಇದ್ದೇನೆ, ಆದರೆ ಲಿನನ್ ವಿಭಾಗದಲ್ಲಿ. ರೋಗಿಗಳು ನಮ್ಮಲ್ಲಿಗೆ ಬರುವುದಿಲ್ಲ, ಅವರ ಹಾಸಿಗೆ ಬಟ್ಟೆ ಮಾತ್ರ ಬರುತ್ತದೆ. ನೋವಿಗೂ ನನಗೂ ನಡುವೆ ಯಾವಾಗಲೂ ಒಂದು ಬೆಡ್‌ಶೀಟಿನ ಅಂತರ. ಪಂದ್ಯದ ದಿನ ಹಿಲ್ಡಾ ಚಹಾ ಫ್ಲಾಸ್ಕು ಹಿಡಿದು ಹೊರಟರೆ ನಾನು ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಪಂದ್ಯ ಮುಗಿದ ಕೂಡಲೇ ಅವಳಿಂದ ಒಂದೇ ಸಂದೇಶ ಬರುತ್ತಿತ್ತು: “ಎರಡು ಕೈ, ಎರಡು ಕಾಲು, ಒಂದು ತಲೆ. ಲೆಕ್ಕ ಸರಿ ಇದೆ. ಅನ್ನಕ್ಕೆ ಇಡಿ.” ಗೆದ್ದರೋ ಸೋತರೋ ಎಂದು ಅವಳು ಬರೆಯುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಜೂನಿನಲ್ಲಿ ಹಿಲ್ಡಾ ತೀರಿಕೊಂಡಳು. ಶಿರ್ವದ ಇಗರ್ಜಿಯ ಅಂಗಳದಲ್ಲಿ ಅವಳನ್ನು ಮಣ್ಣು ಮಾಡಿ, ನಾನೂ ಗ್ಲೆನ್ನೂ ಅಬುಧಾಬಿಗೆ ಮರಳಿ, ಮೂರು ಜನರ ಫ್ಲ್ಯಾಟಿನಲ್ಲಿ ಇಬ್ಬರು ಇರುವುದನ್ನು ಕಲಿಯತೊಡಗಿದೆವು. ಅದು ಅಷ್ಟು ಸುಲಭದ ವಿದ್ಯೆಯಲ್ಲ. ಮಾತು ಮೂವರ ನಡುವೆ ಸುತ್ತುವಾಗ ಯಾರು ಎಷ್ಟು ಆಡಿದರು ಎಂದು ಗೊತ್ತಾಗುವುದಿಲ್ಲ. ಇಬ್ಬರೇ ಉಳಿದಾಗ ಗೊತ್ತಾಗುತ್ತದೆ. ಅವಳೇ ಆಡುತ್ತಿದ್ದಳು. ನಾನು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಗ್ಲೆನ್ ಇಂಗ್ಲಿಷಿನಲ್ಲಿ ಒಂದು ಶಬ್ದದ ಉತ್ತರ ಕೊಡುತ್ತಿದ್ದ. ಆ ಶಬ್ದ ಹೆಚ್ಚಾಗಿ “ಫೈನ್”.

ಸೆಪ್ಟೆಂಬರಿನಲ್ಲಿ ಅವನು ಒಂದು ಫಾರ್ಮು ತಂದು ಊಟದ ಮೇಜಿನ ಮೇಲಿಟ್ಟ. ಇಪ್ಪತ್ತೊಂದು ತುಂಬದ ಆಟಗಾರರಿಗೆ ಪೋಷಕರ ಸಹಿ ಬೇಕು ಎಂಬುದು ಕಾಲೇಜಿನ ನಿಯಮ. ಹಿಂದಿನ ವರ್ಷ ಹಿಲ್ಡಾ ಓದದೆಯೇ ಸಹಿ ಹಾಕಿದ್ದಳು. ನಾನು ಓದಿದೆ. ಓದಬಾರದಿತ್ತು. ಒಬ್ಬ ಮನುಷ್ಯನ ದೇಹದಲ್ಲಿ ಇಷ್ಟೊಂದು ಭಾಗಗಳಿವೆ, ಅವೆಲ್ಲಕ್ಕೂ ಇಷ್ಟೊಂದು ರೀತಿಯಲ್ಲಿ ಪೆಟ್ಟಾಗಬಹುದು ಎಂದು ಆ ಎರಡು ಪುಟಗಳಿಂದ ತಿಳಿಯಿತು. ಪೆನ್ನು ಹಿಡಿದು ಬಹಳ ಹೊತ್ತು ಕುಳಿತ ಮೇಲೆ ನಾನು ನನ್ನ ಜೀವಮಾನದ ಏಕೈಕ ಕಟ್ಟಾಜ್ಞೆಯನ್ನು ಹೊರಡಿಸಿದೆ.

“ಸಹಿ ಹಾಕುತ್ತೇನೆ. ಆದರೆ ಒಂದು ಪೆಟ್ಟು, ಒಂದೇ ಒಂದು ಸರಿಯಾದ ಪೆಟ್ಟು ಬಿದ್ದರೆ, ಖಲಾಸ್. ಮತ್ತೆ ಆಟ ಇಲ್ಲ.”

“ಡೀಲ್, ಪಪ್ಪಾ,” ಎಂದ ಅವನು, ಒಂದು ಕ್ಷಣವೂ ಯೋಚಿಸದೆ. ಅಷ್ಟು ಬೇಗ ಒಪ್ಪಿದನಲ್ಲ ಎಂದು ನನಗೆ ಹೆಮ್ಮೆಯಾಯಿತು. ಅಷ್ಟು ಬೇಗ ಒಪ್ಪಿದ್ದೇಕೆ ಎಂದು ಆಗ ಹೊಳೆಯಲಿಲ್ಲ.

ಮೊದಲನೆಯ ಪಂದ್ಯದಲ್ಲಿ ಚಿಗರೆಗಳು ಇಪ್ಪತ್ತೆಂಟು ಸೊನ್ನೆಯಿಂದ ಸೋತವು. ನನಗದು ಗೊತ್ತಾದದ್ದು ಸುಧಾಕರಣ್ಣನಿಂದ. ಅವರು ಕಾಪುವಿನವರು, ಮನೆ ಬನಿಯಾಸ್‌ನಲ್ಲಿ, ಮುಸಫ್ಫಾದಲ್ಲಿ ಕಟ್ಟಡದ ಸಾಮಾನಿನ ವ್ಯಾಪಾರ. ಅವರ ಮಗ ಪ್ರಜ್ವಲ್ ಕೂಡ ತಂಡದಲ್ಲಿದ್ದಾನೆ. ಅವನು ಅಪ್ಪನ ಹಾಗೆಯೇ ಅಗಲ. ಎದುರಿನವರಿಗೆ ಅಡ್ಡ ನಿಲ್ಲುವುದೇ ಅವನ ಕೆಲಸ. ಸುಧಾಕರಣ್ಣ ಎರಡು ಮೆಟ್ಟಿಲು ಹತ್ತಿ ಬಂದು, ನನ್ನ ಪಕ್ಕ ಕುಳಿತು, ಬಿಳಿ ಕರವಸ್ತ್ರವನ್ನೂ ನನ್ನ ಮುಖವನ್ನೂ ನೋಡಿದರು.

“ಎಂತ ಪೊರ್ಬುಲೆ, ಇಲ್ಲಿ ಬಂದು ಕೂತದ್ದು? ವಿಮಾನ ನೋಡ್ಲಿಕ್ಕಾ?”

ನಮ್ಮ ಕಡೆಯ ಕ್ರೈಸ್ತರನ್ನು ತುಳುವರು ಪೊರ್ಬು ಎಂದು ಕರೆಯುತ್ತಾರೆ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿ ಮಿಸ್ಟರ್ ಆಗಿಯೋ ಬ್ರದರ್ ಆಗಿಯೋ ಇದ್ದವನಿಗೆ ಆ ಒಂದು ಶಬ್ದವೇ ಸಾಕಾಯಿತು. ಆಟ ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

“ಗೊತ್ತಿಲ್ದೆ ಎಂತ? ನಮ್ಮ ಕಬಡ್ಡಿಗೆ ಹೆಲ್ಮೆಟ್ ಹಾಕಿದ್ರೆ ಇದೇ. ನಾಲ್ಕು ಸಲ ಚಾನ್ಸು, ಹತ್ತು ಗಜ ಮುಂದೆ ಹೋಗ್ಬೇಕು. ಹೋದ್ರೆ ಮತ್ತೆ ನಾಲ್ಕು ಚಾನ್ಸು. ಹೋಗದಿದ್ರೆ ಚೆಂಡು ಅವ್ರಿಗೆ. ನಿಮ್ಮವ ಓಡಿ ಹೋಗಿ ಚೆಂಡು ಹಿಡಿಯುವವ. ನನ್ನವ ಗೋಡೆ.” ಕೆಳಗೆ ಕೈ ತೋರಿಸಿ ಮತ್ತೆ ಅಂದರು: “ಬಾಯಮ್ಮ ಹೋದ ವರ್ಷ ಕೆಳಗೆ ಮೊದಲನೇ ಮೆಟ್ಲಲ್ಲೇ ಕೂರ್ತಿದ್ರು. ರೆಫ್ರಿಗೇ ಬೈತಿದ್ರು. ಕೊಂಕಣಿಯಲ್ಲಿ.”

ಹಿಲ್ಡಾ ರೆಫ್ರಿಗೆ ಬೈಯುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಸತ್ತವರ ಬಗ್ಗೆ ಹೊಸದಾಗಿ ಏನಾದರೂ ತಿಳಿಯುವುದು ವಿಚಿತ್ರ ಸುಖ. ಅವರು ಇನ್ನೂ ಸ್ವಲ್ಪ ಉಳಿದಿದ್ದಾರೆ ಎನ್ನಿಸುತ್ತದೆ.

ಎರಡನೆಯ ಪಂದ್ಯವನ್ನೂ ಸೋತೆವು. ನೋಡಿ, ಸೋತೆವು ಎಂದು ಬರೆದುಬಿಟ್ಟೆ. ಹತ್ತು ಗಜ, ನಾಲ್ಕು ಅವಕಾಶ ಎಂಬುದು ತಲೆಗೆ ಹತ್ತಿದ ಮೇಲೆ ಅದು ಬಿಡಲಿಲ್ಲ. ಲಿಫ್ಟಿಗೆ ಕಾಯುವಾಗ, ಮೀನಾ ಬಂದರಿನ ಮೀನು ಮಾರುಕಟ್ಟೆಯಲ್ಲಿ ಸರದಿ ನಿಂತಾಗ ನಾನು ಮನಸ್ಸಿನಲ್ಲೇ ಗಜ ಅಳೆಯತೊಡಗಿದೆ. ಆದರೆ ಮೈದಾನದಲ್ಲಿ ನನ್ನ ಕಣ್ಣು ಚೆಂಡಿನ ಹಿಂದೆ ಹೋದದ್ದೇ ಇಲ್ಲ, ಗ್ಲೆನ್‌ನ ಹೆಲ್ಮೆಟ್ಟಿನ ಮೇಲೆಯೇ ಇರುತ್ತಿತ್ತು. ಅವನು ಬಿದ್ದಾಗ ಉಸಿರು ಹಿಡಿಯುವುದು, ಎದ್ದಾಗ ಬಿಡುವುದು. ಎರಡು ಗಂಟೆ ಈ ವ್ಯಾಯಾಮ ಮಾಡಿದರೆ ಆಡಿದವರಿಗಿಂತ ನಾನೇ ಹೆಚ್ಚು ದಣಿದಿರುತ್ತಿದ್ದೆ. ಮನೆಗೆ ಬಂದ ಮೇಲೆ ಅವನ ಜೆರ್ಸಿಯನ್ನು ಒಗೆಯುವುದು ನನ್ನ ಕೆಲಸ. ಅದನ್ನು ನಾನು ಮೆಷಿನ್ನಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ಓದುತ್ತಿದ್ದೆ. ಇದು ನನ್ನ ಕಸುಬು. ಯಾವ ಕಲೆ ರಕ್ತ, ಯಾವುದು ಅಯೋಡಿನ್, ಯಾವುದು ಬರೀ ಟೊಮೆಟೊ ಎಂದು ಹತ್ತಡಿ ದೂರದಿಂದ ಹೇಳಬಲ್ಲೆ. ಮೊದಲ ಎರಡು ಜೆರ್ಸಿಗಳಲ್ಲಿ ಹುಲ್ಲು, ಬೆವರು, ಗೆರೆ ಎಳೆಯುವ ಬಿಳಿ ಸುಣ್ಣ ಇಷ್ಟೇ ಇದ್ದವು. ನಾನು ಸಮಾಧಾನದಿಂದ ಅನ್ನಕ್ಕೆ ಇಟ್ಟೆ.

ಮೂರನೆಯದು ಅಲ್ ಐನ್‌ನಲ್ಲಿ. ಅದನ್ನು ಚಿಗರೆಗಳು ಹದಿನಾಲ್ಕು ಹನ್ನೆರಡರಿಂದ ಗೆದ್ದವು, ಗೆಲ್ಲಿಸಿದ್ದು ಗ್ಲೆನ್. ಕೊನೆಯ ನಿಮಿಷದಲ್ಲಿ ಅವನು ಇಬ್ಬರ ನಡುವಿನಿಂದ ಮೇಲಕ್ಕೆ ಹಾರಿ, ಗಾಳಿಯಲ್ಲಿಯೇ ಚೆಂಡನ್ನು ಹಿಡಿದು, ಅವರಿಬ್ಬರ ಕೆಳಗೆ ಬಿದ್ದ. ಸುಧಾಕರಣ್ಣ ನನ್ನ ಬೆನ್ನಿಗೆ ಕೊಟ್ಟ ಏಟು ಆ ಇಡೀ ಋತುವಿನಲ್ಲಿ ನನಗೆ ಬಿದ್ದ ಅತ್ಯಂತ ದೊಡ್ಡ ಪೆಟ್ಟು. ಗ್ಲೆನ್ ಎದ್ದ, ಎಡಗೈ ಎತ್ತಿ ಬೀಸಿದ. ಎಲ್ಲ ಸರಿಯಾಗಿತ್ತು.

ಮರುದಿನ ಭಾನುವಾರ ನಾನು ಬೂತಾಯಿ ಮೀನಿನ ಸಾರು ಮಾಡಿದೆ. ನಮ್ಮ ಕಡೆಯವರಿಗೆ ಬೂತಾಯಿ ಎಂದರೆ ಏನೆಂದು ನಿಮಗೆ ಗೊತ್ತಿರಬಹುದು. ಅದನ್ನು ತಿನ್ನಲು ಬೆರಳು ಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸುವ ಕಲೆಯನ್ನು ಹಿಲ್ಡಾ ಅವನಿಗೆ ನಾಲ್ಕನೆಯ ವಯಸ್ಸಿನಲ್ಲೇ ಕಲಿಸಿದ್ದಳು. ಆ ದಿನ ಗ್ಲೆನ್ ಚಮಚ ತೆಗೆದುಕೊಂಡು ಬಂದು ಕುಳಿತ. ಅನ್ನಕ್ಕೆ ಬರೀ ಸಾರು ಬಡಿಸಿಕೊಂಡ.

“ಮೀನು?”

“ನಾಟ್ ಇನ್ ದಿ ಮೂಡ್, ಪಪ್ಪಾ.”

ಹಿಂದಿನ ಸಂಜೆಯ ಜೆರ್ಸಿ ಇನ್ನೂ ಬಾಲ್ಕನಿಯ ಬಕೆಟ್ಟಿನಲ್ಲಿತ್ತು. ಅದನ್ನು ಎತ್ತಿಕೊಂಡಾಗ ಬಲತೋಳಿನ ತುದಿಯಲ್ಲಿ ನೋವಿನ ಸ್ಪ್ರೇಯ ಕರ್ಪೂರದಂಥ ವಾಸನೆ. ಒಂದು ಸಲ ಹೊಡೆದದ್ದಲ್ಲ, ನಾಲ್ಕೈದು ಸಲ ಹೊಡೆದದ್ದು. ತೋಳಿನ ಅಂಚಿಗೆ ಬಿಳಿ ಟೇಪಿನ ಅಂಟು. ಬಟ್ಟೆ ಸುಳ್ಳು ಹೇಳುವುದಿಲ್ಲ. ನಾನದನ್ನು ಮೆಷಿನ್ನಿಗೆ ಹಾಕಿ, ಪುಡಿ ಸುರಿದು, ಬಾಗಿಲು ಮುಚ್ಚಿದೆ. ಗ್ಲೆನ್‌ನನ್ನು ಏನೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂಬ ಭಯ. ಹೇಳಿದರೆ ನನ್ನ ಖಲಾಸ್ ಜಾರಿಗೆ ಬರಬೇಕು, ತಾಯಿ ಹೋದ ಮೇಲೆ ಅವನಿಗೆ ಉಳಿದಿದ್ದ ಒಂದು ಸಂತೋಷವನ್ನು ನಾನೇ ಕಿತ್ತುಕೊಳ್ಳಬೇಕು. ಕೇಳದಿದ್ದರೆ ಪೆಟ್ಟು ಇಲ್ಲ. ಹೀಗೆ ಒಂದು ಮೇಜಿನ ಎರಡು ಬದಿಯಲ್ಲಿ ಇಬ್ಬರು ಕುಳಿತು, ಒಬ್ಬ ಚಮಚದಲ್ಲಿ ಸಾರು ಕುಡಿಯುವುದು, ಇನ್ನೊಬ್ಬ ತನ್ನ ತಟ್ಟೆಯ ಮೀನಿನ ಮುಳ್ಳನ್ನು ಬಹಳ ಶ್ರದ್ಧೆಯಿಂದ ಬಿಡಿಸುವುದು.

ಈ ನಾಟಕ ನಮ್ಮ ಮನೆಯಲ್ಲಿ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಿಲ್ಡಾ ತೀರಿಕೊಂಡು ತಿಂಗಳಾದಾಗಿನ ಪೂಜೆಯ ದಿನ, ಅಬುಧಾಬಿಯ ಇಗರ್ಜಿಯ ಅಂಗಳದಲ್ಲಿ, ಅವಳ ವಾರ್ಡಿನ ಮಲಯಾಳಿ ನರ್ಸೊಬ್ಬಳು ನನ್ನ ಕೈ ಹಿಡಿದುಕೊಂಡು ಅತ್ತಳು. ಹಿಲ್ಡಾಳಿಗೆ ತನ್ನ ಕಾಯಿಲೆಯ ವಿಷಯ ಕ್ರಿಸ್‌ಮಸ್ಸಿಗೆ ಮೊದಲೇ ಗೊತ್ತಿತ್ತಂತೆ. ಹೇಳು ಹೇಳು ಎಂದು ಇವಳು ಎಷ್ಟು ಒತ್ತಾಯಿಸಿದರೂ ಹಿಲ್ಡಾ ಕೇಳಲಿಲ್ಲವಂತೆ. “ಅವರಿಗೆ ಹೇಳಿದರೆ ಅವರು ಊಟ ಬಿಡುತ್ತಾರೆ, ಆಮೇಲೆ ನಾನು ಇಬ್ಬರು ರೋಗಿಗಳನ್ನು ನೋಡಬೇಕು” ಎಂದಿದ್ದಳಂತೆ. ಕೇಳುವಾಗ ನನಗೆ ನಗು ಬಂತು, ಅದು ಅಷ್ಟು ಸರಿಯಾಗಿ ಅವಳದೇ ಮಾತಾಗಿತ್ತು. ಅಂದರೆ ಹೋದ ಋತುವಿನ ಕೊನೆಯ ಪಂದ್ಯಗಳಲ್ಲಿ, ಆ ಕಬ್ಬಿಣದ ಮೊದಲನೆಯ ಮೆಟ್ಟಿಲಿನಲ್ಲಿ, ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡೇ ಅವಳು ಕುಳಿತಿದ್ದಳು. ಅಲ್ಲಿಂದಲೇ ನನಗೆ ಲೆಕ್ಕ ಸರಿ ಇದೆ ಎಂದು ಬರೆದಿದ್ದಳು.

ನನಗೇನೂ ಕಾಣಿಸಿರಲಿಲ್ಲವೇ? ಕಾಣಿಸಿತ್ತು. ಅವಳು ಕುಕ್ಕರನ್ನು ಒಂದು ಕೈಯಲ್ಲಿ ಎತ್ತುವುದನ್ನು ನಿಲ್ಲಿಸಿದ್ದಳು. ರೊಟ್ಟಿ ಅರ್ಧ ಮುರಿದು ಉಳಿದರ್ಧವನ್ನು ಗ್ಲೆನ್‌ನ ತಟ್ಟೆಗೆ ಹಾಕುತ್ತಿದ್ದಳು. ಒಂದು ದಿನ ಕೇಳಿಯೂ ಇದ್ದೆ. “ಗ್ಯಾಸ್ಟ್ರಿಕ್” ಎಂದಳು. ಆ ಶಬ್ದವನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಎರಡನೆಯ ಸಲ ಕೇಳಲಿಲ್ಲ.

ನಾಲ್ಕನೆಯ ಪಂದ್ಯಕ್ಕೆ ಬರುತ್ತೇನೆ. ಇದರಲ್ಲಿ ನಾನೊಂದು ಕೆಲಸ ಮಾಡಿದೆ. ದುಬೈಯಲ್ಲಿರುವ ನಮ್ಮ ಊರಿನವರು ಅದನ್ನು ಇನ್ನೂ ಹೇಳಿಕೊಂಡು ನಗುತ್ತಿದ್ದಾರಂತೆ, ಆದ್ದರಿಂದ ನಾನೇ ಹೇಳುವುದು ಮೇಲು. ಎರಡನೆಯ ಭಾಗದಲ್ಲಿ ಎದುರಿನ ತಂಡದ ಹುಡುಗನೊಬ್ಬ ನಮ್ಮ ಪ್ರಜ್ವಲ್ ಎಂಬ ಗೋಡೆಗೆ ಬಡಿದು ಕೆಳಗೆ ಬಿದ್ದ. ಏಳಲಿಲ್ಲ. ಶಿಳ್ಳೆ ಮೊಳಗಿತು, ಮೈದಾನ ಒಮ್ಮೆಲೇ ಮೌನವಾಯಿತು. ಆಮೇಲೆ ನಾನು ಎಂದೂ ಕಂಡಿರದ ದೃಶ್ಯ: ಎರಡೂ ತಂಡದ ಎಲ್ಲ ಹುಡುಗರು, ಒಬ್ಬೊಬ್ಬರಾಗಿ, ಹೆಲ್ಮೆಟ್ ತೆಗೆದು, ತಲೆ ಬಗ್ಗಿಸಿ, ಹುಲ್ಲಿನ ಮೇಲೆ ಒಂದು ಮೊಣಕಾಲೂರಿದರು. ನನ್ನ ಗ್ಲೆನ್ ಕೂಡ.

ನಮ್ಮಲ್ಲಿ ಸುತ್ತ ನಿಂತವರೆಲ್ಲ ಒಟ್ಟಿಗೆ ಮೊಣಕಾಲೂರುವುದು ಯಾವಾಗ ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಜೂನಿನಲ್ಲಿ ಹಿಲ್ಡಾಳ ಆಸ್ಪತ್ರೆಯ ಕೋಣೆಗೆ ಪಾದ್ರಿಗಳು ಬಂದಾಗ ನಾವು ಹಾಗೆ ಊರಿದ್ದೆವು. ಹುಡುಗ ಹೋದ ಎಂದುಕೊಂಡೆ. ನನ್ನ ಕಾಲುಗಳು, ನನ್ನನ್ನು ಕೇಳದೆಯೇ, ಈ ಸಲ ಬಾಗಿಲ ಕಡೆಗೆ ಹೋಗದೆ ಅಲ್ಲೇ ಮಡಿಚಿಕೊಂಡವು. ಕಬ್ಬಿಣದ ಹಲಗೆಯ ಮೇಲೆ ಎರಡೂ ಮೊಣಕಾಲೂರಿ, ಶಿಲುಬೆಯ ಗುರುತು ಹಾಕಿ, ಸತ್ತವರ ಆತ್ಮಕ್ಕೆ ಹೇಳುವ ಕೊಂಕಣಿ ಪ್ರಾರ್ಥನೆಯನ್ನು ನಾನು ಗಟ್ಟಿಯಾಗಿಯೇ ಹೇಳತೊಡಗಿದೆ. ಮೌನವಾಗಿದ್ದ ಮೈದಾನದಲ್ಲಿ ಅದು ಚೆನ್ನಾಗಿ ಕೇಳಿಸಿತಂತೆ.

“ದಾನೆ ಮಾರಾಯ್ರೆ!” ಸುಧಾಕರಣ್ಣ ನನ್ನ ಅಂಗಿ ಹಿಡಿದೆಳೆದರು. “ಆಯೆ ಸೈತಿಜೆ! ಸತ್ತಿಲ್ಲ ಅವ! ಪೆಟ್ಟಾದ್ರೆ ಇವರು ಹೀಗೆ ಕೂರುವುದು, ಮರ್ಯಾದೆಗೆ. ನೋಡಿ, ಎದ್ದ ನೋಡಿ. ಇನ್ನು ಚಪ್ಪಾಳೆ ಹೊಡೀಬೇಕು, ಹೊಡೀರಿ!”

ಹುಡುಗ ಇಬ್ಬರ ಹೆಗಲು ಹಿಡಿದು ಎದ್ದು ನಿಂತಿದ್ದ. ಇಡೀ ಮೈದಾನ ಚಪ್ಪಾಳೆ ತಟ್ಟುತ್ತಿತ್ತು, ಅವನ ಕಡೆಯವರೂ, ನಮ್ಮವರೂ. ಇದೊಂದು ಒಳ್ಳೆಯ ಪದ್ಧತಿ ಎಂದು ನನಗನ್ನಿಸಿತು. ಬಿದ್ದವನು ಬಿದ್ದೆ ಎಂದು ಎಲ್ಲರ ಎದುರು ಮಲಗಿಕೊಳ್ಳುವುದು, ಆಟ ನಿಲ್ಲುವುದು, ಶತ್ರುವೂ ಮೊಣಕಾಲೂರಿ ಕಾಯುವುದು. ನಮ್ಮ ಮನೆಯಲ್ಲಿ ಹಾಗೆ ಬೀಳುವ ಏರ್ಪಾಟನ್ನು ನಾನು ಎಂದೂ ಮಾಡಿರಲಿಲ್ಲ. ಅಲ್ಲಿ ಬೀಳುವವರು ನನ್ನ ಕಣ್ಣು ತಪ್ಪಿಸಿ ಬೀಳಬೇಕಾಗಿತ್ತು.

ಆ ಪಂದ್ಯವನ್ನು ಗೆದ್ದೆವು. ಅಬುಧಾಬಿಗೆ ಮರಳುವಾಗ ಕಾರಿನಲ್ಲಿ ಗ್ಲೆನ್ ಹತ್ತು ನಿಮಿಷ ಗಂಭೀರವಾಗಿದ್ದು ಆಮೇಲೆ ಸೀಟಿನಲ್ಲಿ ಬಗ್ಗಿ ಬಗ್ಗಿ ನಕ್ಕ.

“ಪಪ್ಪಾ, ಯು ಗೇವ್ ಹಿಮ್ ಎ ಫ್ಯೂನರಲ್! ಅವನು ಬಂದು ಕೇಳಿದ, ಬ್ರೋ, ಹೂ ಈಸ್ ದಟ್ ಅಂಕಲ್, ವಾಟ್ ಡಸ್ ಹಿ ನೋ ಅಂತ!” ಜೂನಿನ ನಂತರ ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೂ ನಕ್ಕೆ. ನಗುತ್ತ ನಗುತ್ತ ಅವನು ನೀರಿನ ಬಾಟಲಿ ತೆಗೆದ. ಬಲಗೈಯಲ್ಲಿ ಅದರ ಮುಚ್ಚಳ ತಿರುಗಿಸಲು ಹೋಗಿ, ನಿಲ್ಲಿಸಿ, ತೊಡೆಗಳ ನಡುವೆ ಬಾಟಲಿ ಸಿಕ್ಕಿಸಿ ಎಡಗೈಯಿಂದ ತೆರೆದ. ನಾನು ರಸ್ತೆಯನ್ನು ನೋಡಿದೆ. ಕೇಳಬಹುದಾಗಿತ್ತು, ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಆ ನಗುವನ್ನು ನಾನು ಹೇಗೆ ನಿಲ್ಲಿಸಲಿ?

ಐದನೆಯ ಪಂದ್ಯದಲ್ಲಿ ಗ್ಲೆನ್ ಎರಡು ಚೆಂಡು ಕೈಬಿಟ್ಟ. ಎರಡೂ ಸುಲಭದವು ಎಂದು ನನಗೂ ಗೊತ್ತಾಯಿತು. ಎರಡನೆಯದು ಅವನ ಅಂಗೈಗೇ ಬಂದು ಬಿದ್ದಿತ್ತು, ಹೆಬ್ಬೆರಳು ಅದನ್ನು ಹಿಡಿಯಲಿಲ್ಲ. ನಾವು ಮೂರು ಅಂಕಗಳಿಂದ ಸೋತೆವು. ಗ್ಯಾಲರಿಯಲ್ಲಿ ಯಾರೋ ಬೆಣ್ಣೆ ಕೈ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಸುಧಾಕರಣ್ಣ ಅತ್ತ ತಿರುಗಿ ತುಳುವಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು.

“ಪೊರ್ಬುಲೆ, ಹುಡುಗನ ಕೈಗೆ ಎಂತದೋ ಆಗಿದೆ. ನಿಮಗೆ ಗೊತ್ತುಂಟಾ?”

“ಗೊತ್ತುಂಟು,” ಎಂದೆ.

“ಅವ ಹೇಳಿದ್ನಾ?”

“ಇಲ್ಲ.”

ಸುಧಾಕರಣ್ಣ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆರನೆಯ ಪಂದ್ಯದ ದಿನ ಗ್ಯಾಲರಿಯ ಮೇಲಿನ ಮೆಟ್ಟಿಲುಗಳೆಲ್ಲ ಭರ್ತಿಯಾಗಿದ್ದವು. ನಮ್ಮ ಕಾಲೇಜಿನದೇ ಮೈದಾನ. ಗೆದ್ದರೆ ಸೆಮಿಫೈನಲ್, ಸೋತರೆ ಋತು ಮುಗಿಯಿತು. ಹಾಗಾಗಿ ಮಕ್ಕಳು, ಮೇಷ್ಟ್ರುಗಳು, ಯಾರ್ಯಾರದೋ ಅಜ್ಜಿಯರೆಲ್ಲ ಬಂದಿದ್ದರು. ನನಗೆ ನಡುವಿನ ಸಾಲಿನಲ್ಲಿ, ಎರಡೂ ಕಡೆ ಜನ ಇರುವ ಜಾಗ ಸಿಕ್ಕಿತು. ಅಲ್ಲಿಂದ ಬೇಗ ಎದ್ದು ಹೋಗುವ ಉಪಾಯವೇ ಇರಲಿಲ್ಲ. ಗ್ಲೆನ್‌ನ ಬಲಗೈಗೆ ಮಣಿಕಟ್ಟಿನವರೆಗೆ ಬಿಳಿ ಟೇಪು ಸುತ್ತಿತ್ತು, ಅದರ ಮೇಲೆ ಗ್ಲೌಸು. ಕೇಳುವವರಿಗೆ ಅದು ಫ್ಯಾಷನ್.

ಕೊನೆಗೆ ಮೂರು ನಿಮಿಷ ಉಳಿದಾಗ ಅವನು ಬಿದ್ದ. ಚೆಂಡು ಹಿಡಿದಿದ್ದ, ಎದೆಗೆ ಅವಚಿ ಹಿಡಿದಿದ್ದ, ಕೈಯಿಂದಲ್ಲ, ತೋಳುಗಳಿಂದ. ಬಲಗೈಯನ್ನು ರಕ್ಷಿಸಲು ಹೋಗಿ ಬಲಭುಜದ ಮೇಲೆ ಬಿದ್ದ, ಅವನ ಮೇಲೆ ಇನ್ನೊಬ್ಬ. ಮೇಲಿನವನು ಎದ್ದ. ಗ್ಲೆನ್ ಏಳಲಿಲ್ಲ. ಶಿಳ್ಳೆ. ಹುಡುಗರೆಲ್ಲ ಒಬ್ಬೊಬ್ಬರಾಗಿ ಮೊಣಕಾಲೂರಿದರು. ಸುಧಾಕರಣ್ಣ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ಆ ಪದ್ಧತಿಯ ಅರ್ಥ ಈಗ ಗೊತ್ತಿತ್ತು, ಗೊತ್ತಿದ್ದರೂ ಪ್ರಾರ್ಥನೆಯ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಅವನ ಮೊಣಕಾಲು ಮಡಿಚಿತು, ತಲೆ ಎತ್ತಿದ, ಕೋಚ್ ಅವನ ಎಡತೋಳು ಹಿಡಿದು ಎಬ್ಬಿಸಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಒಂದನ್ನೊಂದು ಮುಟ್ಟಲಾರದೆ ತೊಡೆಯ ಮೇಲೆಯೇ ಉಳಿದವು.

ಅವನು ಹೊರಗೆ ಕುಳಿತ. ಉಳಿದ ಮೂರು ನಿಮಿಷಗಳಲ್ಲಿ ಏನಾಯಿತೆಂದು ಸುಧಾಕರಣ್ಣ ಆಮೇಲೆ ವಿವರವಾಗಿ ಹೇಳಿದರು. ಅವನು ತಂದುಕೊಟ್ಟ ಜಾಗದಿಂದಲೇ ಚಿಗರೆಗಳು ಮುಂದೆ ಹೋಗಿ ಗೆದ್ದವು. ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ, ನಾನು ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಜನರ ಮೊಣಕಾಲುಗಳನ್ನು ದಾ‌ಟಿ ಕೆಳಗಿಳಿದೆ. ಗ್ಲೆನ್ ಹೆಲ್ಮೆಟ್ಟನ್ನು ಎಡಗೈಯಲ್ಲಿ ನೇತಾಡಿಸಿಕೊಂಡು ಬೇಲಿಯ ಹತ್ತಿರ ಬಂದ. ಮುಖದಲ್ಲಿ ಗೆಲುವಿನ ನಗು ಇತ್ತು. ನನ್ನನ್ನು ನೋಡಿದ ಕೂಡಲೇ ಆ ನಗುವಿನ ಕೆಳಗೆ ಇನ್ನೊಂದು ನಗು ಸಿದ್ಧವಾಯಿತು. ಅದು ನನಗೆ ಪರಿಚಯವಿತ್ತು. ಗ್ಯಾಸ್ಟ್ರಿಕ್ ಎಂದಾಗ ಹಿಲ್ಡಾಳ ಮುಖದಲ್ಲಿ ಇದ್ದದ್ದು ಅದೇ.

“ಕಾಂಯ್ ನಾ, ಪಪ್ಪಾ,” ಎಂದ. ಏನಿಲ್ಲ ಎಂದರ್ಥ. ಎಂದೂ ಇಲ್ಲದೆ ಕೊಂಕಣಿಯಲ್ಲಿ ಹೇಳಿದ. “ಐ ಆ್ಯಮ್ ಗುಡ್. ಸೆಮಿಸ್‌ಗೆ ಇನ್ನೂ ಎರಡು ವಾರ ಇದೆ.”

ನಾನು ಮೊದಲನೆಯ ಮೆಟ್ಟಿಲಿನ ಮೇಲೆ ಕುಳಿತೆ. ಅವನೂ ಬೇಲಿಯ ಗೇಟು ದಾಟಿ ಬಂದು ಪಕ್ಕದಲ್ಲಿ ಕುಳಿತ.

“ಆ ಖಲಾಸ್ ಅಂತ ಹೇಳಿದ್ದೆನಲ್ಲ, ಅದನ್ನು ನಾನು ವಾಪಸು ತೆಗೆದುಕೊಂಡೆ,” ಎಂದೆ. “ಸೆಮಿಫೈನಲ್ ಆಡುವುದೋ ಬಿಡುವುದೋ ನೀನು, ಡಾಕ್ಟರು, ಕೋಚು ಕೂತು ತೀರ್ಮಾನ ಮಾಡಿ. ನಾನು ಅಡ್ಡ ಬರುವುದಿಲ್ಲ. ಬರುವ ವರ್ಷದ ಫಾರ್ಮಿಗೂ ಸಹಿ ಹಾಕುತ್ತೇನೆ. ಆದರೆ ನನಗೆ ಹೇಳು.”

ಅವನು ಹೆಲ್ಮೆಟ್ಟಿನ ಜಾಲರಿಯಲ್ಲಿ ಸಿಕ್ಕಿದ್ದ ಹುಲ್ಲನ್ನು ಎಡಗೈಯಿಂದ ಕೀಳುತ್ತ ಕುಳಿತ.

“ಯು ವಿಲ್ ಫ್ರೀಕ್ ಔಟ್, ಪಪ್ಪಾ. ಮಮ್ಮಿ ಯಾವಾಗಲೂ ಹೇಳ್ತಿದ್ದಳು, ಡೋಂಟ್ ಟೆಲ್ ಪಪ್ಪಾ ಅಂತ.”

“ಹೆದರುತ್ತೇನೆ,” ಎಂದೆ. “ಹೆದರಿಕೊಂಡೇ ಕೇಳುತ್ತೇನೆ.”

ಅವನು ಹಲ್ಲಿನಿಂದ ಗ್ಲೌಸಿನ ತುದಿ ಕಚ್ಚಿ ಎಳೆದು, ಟೇಪು ಸುತ್ತಿದ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟ. ಟೇಪಿನ ಸಂದಿಯಲ್ಲಿ ಕಂಡ ಹೆಬ್ಬೆರಳಿನ ಬುಡ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

“ಅಲ್ ಐನ್,” ಎಂದ. “ಆ ಕ್ಯಾಚ್.”

ಮೂರು ತಿಂಗಳು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಆ ಕೈಯನ್ನು ಎರಡೂ ಕೈಗಳಲ್ಲಿ ಹಗುರವಾಗಿ ಹಿಡಿದು, ನಮ್ಮ ಆಸ್ಪತ್ರೆಯ ನರ್ಸುಗಳೆಲ್ಲ ದಿನಕ್ಕೆ ನೂರು ಸಲ ಕೇಳುವ, ನಾನು ಮಾತ್ರ ಯಾರನ್ನೂ ಎಂದೂ ಕೇಳಿರದ ಪ್ರಶ್ನೆಯನ್ನು ಕೇಳಿದೆ.

“ಒಂದರಿಂದ ಹತ್ತರೊಳಗೆ, ನೋವು ಎಷ್ಟು?”

“ಫೋರ್,” ಎಂದ. ನಾನು ಕಾದೆ. ನನ್ನ ಮುಖ ಅಲ್ಲಿಯೇ ಇದೆಯೇ ಎಂದು ಅವನು ಇನ್ನೊಮ್ಮೆ ನೋಡಿಕೊಂಡ. “ಸೆವೆನ್. ನೋ. ಎಯ್ಟ್, ಪಪ್ಪಾ. ರಾತ್ರಿಯೆಲ್ಲ ಎಯ್ಟ್.”

ಎಂಟು ದೊಡ್ಡ ಸಂಖ್ಯೆ. ನನ್ನ ಕಾಲುಗಳು ಎದ್ದು ಹೋಗೋಣವೇ ಎಂದು ಕೇಳಿದವು. ನಾನು ಕುಳಿತೇ ಇದ್ದೆ.

“ಇನ್ನೆಲ್ಲಿ?” ಎಂದು ಕೇಳಿದೆ.